ಜೇಬುಚಾಕು

ಮನುಷ್ಯನು ಪ್ರತಿದಿನವೂ ಮೈಮೇಲೆ ಇರಿಸಿಕೊಂಡು ತಿರುಗುವ ವಸ್ತುಗಳು ಬಹು ಕೆಲವು. ಅವುಗಳಲ್ಲಿ ಹೆಚ್ಚಿನವು ಅವನೊಬ್ಬನಿಗೇ ಸಲ್ಲತಕ್ಕವು. ಕನ್ನಡಕವು ಅವನ ಕಣ್ಣಿಗೆ ಮಾತ್ರ ಹೊಂದುವುದು. ಉಂಗುರವು ಅವನ ಬೆರಳಿಗೆ ಮಾತ್ರ ಅಳವಡುವುದು. ಬೀಗದ ಕೈ ಅವನ ಮನೆಯ ಬಾಗಿಲನ್ನು ಮಾತ್ರ ತೆರೆಯುವುದು. ಮಡಿಸಿ ಜೇಬಿನಲ್ಲಿಟ್ಟ ಸಣ್ಣ ಚಾಕುವಿನ ಸ್ವಭಾವವೇ ಬೇರೆ. ಇಟ್ಟುಕೊಂಡವನಿಗಿಂತಲೂ ಅವನ ಪಕ್ಕದಲ್ಲಿರುವವರಿಗೆ ಅದರ ಅಗತ್ಯವು ಹೆಚ್ಚು ಸಲ ಬೀಳುವುದು. ಹತ್ತು ಮಂದಿ ಕೂಡಿದಲ್ಲಿ “ಯಾರಲ್ಲಾದರೂ ಚಾಕು ಇದೆಯೇ?” ಎಂಬ ಪ್ರಶ್ನೆಯು ಒಂದಿಲ್ಲೊಂದು ಹೊತ್ತಿಗೆ ಏಳದೆ ಇರದು. ಆಗ ಒಂಬತ್ತು ಮಂದಿ ಒಬ್ಬರ ಮುಖವನ್ನೊಬ್ಬರು ನೋಡುವರು. ಒಬ್ಬನು ಜೇಬಿಗೆ ಕೈಹಾಕುವನು. ಆ ಒಬ್ಬನ ವಿಷಯವಾಗಿಯೂ, ಅವನು ಹತ್ತಾರು ವರ್ಷಗಳ ಕಾಲ ಹೊತ್ತು ತಿರುಗುವ ಆ ಮೂರಂಗುಲದ ಉಕ್ಕಿನ ವಿಷಯವಾಗಿಯೂ ಸ್ವಲ್ಪ ಆಲೋಚಿಸುವುದು ನಿಷ್ಪ್ರಯೋಜನವಾಗಲಾರದು.

ಮೊದಲು ಹೆಸರನ್ನೇ ನೋಡಬಹುದು. ಸಂಸ್ಕೃತದ ‘ಛುರಿಕಾ’ ಶಬ್ದವು ಕನ್ನಡದಲ್ಲಿ ‘ಚೂರಿ’ಯಾಯಿತು. ಕುಲದಿಂದ ದೊಡ್ಡ ಶಬ್ದವಾದರೂ ನಡತೆಯಿಂದ ಅದು ಕೆಟ್ಟ ಹೆಸರನ್ನು ಪಡೆಯಿತು. ನಂಬಿದವನಿಗೆ ದ್ರೋಹ ಬಗೆದವನನ್ನು ಬೆನ್ನಿಗೆ ಚೂರಿ ಹಾಕಿದನೆನ್ನುವರೇ ಹೊರತು ಚಾಕು ಹಾಕಿದನೆಂದು ಸಾಮಾನ್ಯವಾಗಿ ಯಾರೂ ಅನ್ನುವುದಿಲ್ಲ. ‘ಚಾಕು’ ಎಂಬುದು ಪಾರಸಿಯಿಂದ ಹಿಂದುಸ್ತಾನಿಯ ಮಾರ್ಗವಾಗಿ ಬಂದ ಅತಿಥಿ. ಬಂದ ಅತಿಥಿಗೆ ಕನ್ನಡಿಗರು ಹಣ್ಣು ಹೆಚ್ಚುವ ಕೆಲಸ, ಪೆನ್ಸಿಲ್ಲು ಕೆತ್ತುವ ಕೆಲಸ, ದಾರ ಕತ್ತರಿಸುವ ಕೆಲಸಗಳನ್ನು ಒಪ್ಪಿಸಿದರು. ಒಂದೇ ಬಗೆಯ ಅಲಗು. ಕೊಲ್ಲುವುದಕ್ಕೆ ಒಂದು ಹೆಸರು, ಬದುಕುವುದಕ್ಕೆ ಇನ್ನೊಂದು. ಈ ಭೇದವು ಅಲಗಿನಲ್ಲಿಲ್ಲ, ಹಿಡಿದ ಕೈಯಲ್ಲಿರುವುದೆಂಬುದನ್ನು ಭಾಷೆಯು ತಾನಾಗಿಯೇ ಕಂಡುಕೊಂಡಿತೆಂದು ತೋರುವುದು.

ಮಡಿಸುವ ಚಾಕು ಇಂದು ನಿನ್ನೆಯದಲ್ಲ. ರೋಮ್ ಸಾಮ್ರಾಜ್ಯದ ಕಾಲದ ಮಡಿಸುವ ಚಾಕುಗಳು ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಈಗಲೂ ಇವೆ. ಇಂಗ್ಲೆಂಡಿನ ಷೆಫೀಲ್ಡ್ ಪಟ್ಟಣವು ಚಾಕುಗಳಿಗೆ ಬಹು ಹಿಂದಿನಿಂದಲೂ ಹೆಸರಾದುದು. ೧೪ನೆಯ ಶತಮಾನದ ಕೊನೆಯಲ್ಲಿ ಚಾಸರ್ ಕವಿಯು ರಚಿಸಿದ ಕಥಾವಳಿಯಲ್ಲಿ ಹಿಟ್ಟಿನ ಗಿರಣಿಯವನೊಬ್ಬನು ಷೆಫೀಲ್ಡಿನ ಚಾಕುವನ್ನು ಕಾಲುಚೀಲದಲ್ಲಿ ಸಿಕ್ಕಿಸಿಕೊಂಡೇ ಕಾಣಿಸಿಕೊಳ್ಳುವನು. ೧೭ನೆಯ ಶತಮಾನದಲ್ಲಿ ಅಲ್ಲಿಯ ಕುಶಲಿಗಳು ಹಿಡಿಯ ಬೆನ್ನಿನಲ್ಲಿ ಉಕ್ಕಿನ ಸ್ಪ್ರಿಂಗ್ ಪಟ್ಟಿಯನ್ನು ಅಳವಡಿಸಿದ ಚಾಕುಗಳನ್ನು ಮಾಡುತ್ತಿದ್ದರು. ಆ ಪಟ್ಟಿಯು ತೆರೆದ ಅಲಗನ್ನು ತೆರೆದಂತೆಯೂ, ಮುಚ್ಚಿದ ಅಲಗನ್ನು ಮುಚ್ಚಿದಂತೆಯೂ ಒತ್ತಿ ಹಿಡಿಯುವುದು. ಅಲಗು ಸ್ಥಾನಕ್ಕೆ ಬಂದಾಗ ಕೇಳಿಬರುವ ‘ಟಕ್’ ಎಂಬ ಶಬ್ದವು ಆ ಪಟ್ಟಿಯದೇ. ಹಕ್ಕಿಯ ಗರಿಯನ್ನು ಕೆತ್ತಿ ಲೇಖನಿ ಮಾಡುತ್ತಿದ್ದ ಕಾಲದಲ್ಲಿ ಬರೆಯುವವನ ಬಳಿ ಸಣ್ಣ ಚಾಕು ಇರಲೇಬೇಕಾಗಿದ್ದಿತು. ಇಂಗ್ಲಿಷರು ಅದಕ್ಕೆ ‘ಪೆನ್ ನೈಫ್’, ಎಂದರೆ ಲೇಖನಿಯ ಚಾಕು, ಎಂದೇ ಹೆಸರಿಟ್ಟರು. ಗರಿಯ ಲೇಖನಿಗಳು ಹೋದವು, ಹೆಸರು ಉಳಿಯಿತು.

ದೂರದೇಶದ ಮಾತು ಅಂತಿರಲಿ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ಸೀಮೆಯಲ್ಲಿ ಅಡಕೆ ತೋಟದ ಯಜಮಾನರೊಬ್ಬರಿದ್ದಾರೆ. ಎಂಬತ್ತು ವರ್ಷ ದಾಟಿದ ವೃದ್ಧರು. ಸಿರ್ಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬೆಯ ಜಾತ್ರೆಯಲ್ಲಿ, ಸುಮಾರು ಐವತ್ತು ವರ್ಷಗಳ ಹಿಂದೆ, ಅವರು ಏಳು ರೂಪಾಯಿ ಕೊಟ್ಟು ಮಡಿಸುವ ಚಾಕುವೊಂದನ್ನು ಕೊಂಡರು. ಕೊಂಬಿನ ಹಿಡಿ, ಮೂರು ಹಿತ್ತಾಳೆಯ ಆಣಿ, ಒಂದೇ ಅಲಗು. ಯಾವ ಕಾರ್ಖಾನೆಯ ಮುದ್ರೆಯೂ ಇಲ್ಲ. ಅಂದಿನಿಂದ ಅದು ಅವರ ಬನಿಯನ್ನಿನ ಜೇಬನ್ನು ಬಿಟ್ಟದ್ದಿಲ್ಲ. ಬನಿಯನ್ನುಗಳು ಎಷ್ಟೋ ಹರಿದುಹೋದವು; ಹೊಸದನ್ನು ಹೊಲಿಸುವಾಗಲೆಲ್ಲ ಬಲಗಡೆಯ ಜೇಬಿಗೆ ಎರಡು ಸುತ್ತು ಹೊಲಿಗೆ ಹಾಕಬೇಕೆಂದು ದರ್ಜಿಗೆ ಹೇಳುವುದು ಅವರ ಪದ್ಧತಿ.

ಅಡಕೆಯ ಮನೆಯಲ್ಲಿ ಹರಿತವಾದ ವಸ್ತುಗಳಿಗೆ ಕೊರತೆಯಿಲ್ಲ. ಸೊಪ್ಪು ಕಡಿಯುವುದಕ್ಕೆ ಕತ್ತಿಯುಂಟು, ಅಡಕೆ ಸುಲಿಯುವುದಕ್ಕೆ ಮೆಟ್ಟುಗತ್ತಿಯುಂಟು, ಕವಳಕ್ಕೆ ಅಡಕತ್ತರಿಯುಂಟು, ಅಡಿಗೆಮನೆಯಲ್ಲಿ ಈಳಿಗೆಮಣೆಯುಂಟು. ಒಂದೊಂದಕ್ಕೂ ತನ್ನ ಸ್ಥಾನ, ತನ್ನ ಕೆಲಸ. ಈ ದೊಡ್ಡ ಆಯುಧಗಳ ನಡುವೆ ಬೀಳುವ ಸಣ್ಣ ಕೆಲಸಗಳೇ ಜೇಬುಚಾಕುವಿನ ರಾಜ್ಯ. ಬೆಳಗಿನಲ್ಲಿ ಪೂಜೆಗೆ ಬಾಳೆಯ ಕುಡಿಯನ್ನು ಕೊಯ್ಯುವುದು. ಬಾಳೆಯ ನಾರನ್ನು ಸೀಳಿ ಬಳ್ಳಿಯನ್ನು ಕಟ್ಟುವುದು. ಗೋಣಿಯ ಬಾಯಿಯ ಹೊಲಿಗೆಯನ್ನು ಬಿಡಿಸುವುದು. ಅಂಚೆಯ ಲಕೋಟೆಯನ್ನು ಅಂಚು ಹರಿಯದಂತೆ ತೆರೆಯುವುದು. ಮಕ್ಕಳಿಗೆ ಮಾವಿನಕಾಯಿಯನ್ನು ಸೀಳಿ ಉಪ್ಪು ಹಚ್ಚಿ ಕೊಡುವುದು. ಕೆಲಸದವನ ಅಂಗಾಲಿಗೆ ನೆಟ್ಟ ಮುಳ್ಳನ್ನು ತೆಗೆಯುವುದು. ಮಳೆಗಾಲದಲ್ಲಿ ಮಾವಿನ ಗಿಡಕ್ಕೆ ಕಸಿ ಕಟ್ಟುವುದು. ಕಸಿಯ ಕೆಲಸದಲ್ಲಿ ಅಲಗು ಒಂದೇ ಎಳೆತಕ್ಕೆ ನುಣ್ಣಗೆ ಕೊಯ್ಯದಿದ್ದರೆ ಎರಡು ಕೊಂಬೆಗಳ ಹಸುರು ಪದರಗಳು ಒಂದಕ್ಕೊಂದು ಹೊಂದಲಾರವು, ಕಸಿಯು ಒಣಗಿಹೋಗುವುದು. ಆ ಮನೆಯ ಮುಂದೆ ಇಂದು ಹಣ್ಣು ಬಿಡುತ್ತಿರುವ ನಾಲ್ಕು ಮರಗಳು ಆ ಏಳು ರೂಪಾಯಿಯ ಚಾಕುವಿನಿಂದ ಕಟ್ಟಿದವು.

ತೋಟದ ಯಾವ ಮೂಲೆಯಿಂದಲಾದರೂ “ಒಡೆಯಾ, ಚಾಕು ಕೊಡಿ” ಎಂಬ ಕೂಗು ಬಂದರೆ ಅವರು ಹೋಗುವರು. ಕೊಡುವ ವಿಷಯದಲ್ಲಿ ಅವರಿಗೆ ಒಂದು ನಿಯಮವುಂಟು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುವುದೆಂದು ಅನೇಕ ಮನೆಗಳಲ್ಲಿ ಅದನ್ನು ನೆಲದ ಮೇಲಿಟ್ಟು ಕೊಡುವ ರೂಢಿಯಿದೆ. ಯೂರೋಪಿನಲ್ಲಿಯೂ ಚಾಕುವನ್ನು ಕಾಣಿಕೆಯಾಗಿ ಪಡೆದವನು ಸ್ನೇಹವು ಕಡಿಯದಿರಲೆಂದು ಕೊಟ್ಟವನಿಗೆ ಒಂದು ಸಣ್ಣ ನಾಣ್ಯವನ್ನು ಕೊಡುವ ಸಂಪ್ರದಾಯವುಂಟು. ಇವರ ನಿಯಮವು ಇನ್ನೂ ಸರಳವಾದುದು: ಮುಚ್ಚಿ ಕೊಡುವರು, ಒರೆಸಿ ಮುಚ್ಚಿದುದನ್ನೇ ಹಿಂದಕ್ಕೆ ಪಡೆಯುವರು. ಒಂದು ವರ್ಷ ಸುಗ್ಗಿಯ ಕಾಲದಲ್ಲಿ ಕೊಟ್ಟಿಗೆಯ ಕರುವೊಂದು ಕಣ್ಣಿಯನ್ನು ಕೊರಳಿಗೆ ಸುತ್ತಿಕೊಂಡು ಬಿದ್ದು, ಹಗ್ಗವು ಬಿಗಿದು, ಕಣ್ಣು ಮೇಲಾಗುವ ಸ್ಥಿತಿಗೆ ಬಂದಿತು. ಮನೆಯವರು ಕತ್ತಿಯನ್ನು ಹುಡುಕಲು ಒಳಗೆ ಓಡಿದರು. ಅಷ್ಟರಲ್ಲಿ ಇವರು ಹಗ್ಗಕ್ಕೂ ಚರ್ಮಕ್ಕೂ ನಡುವೆ ಚಾಕುವನ್ನು ನುಗ್ಗಿಸಿ ಕಣ್ಣಿಯನ್ನು ಕೊಯ್ದಾಗಿದ್ದಿತು. ಮನೆಯಲ್ಲಿರುವ ಹತ್ತು ಕತ್ತಿಗಳಿಗೂ ಮೈಮೇಲಿರುವ ಒಂದು ಚಾಕುವಿಗೂ ಇರುವ ಅಂತರವು ಅಂದು ಎಲ್ಲರಿಗೂ ಗೊತ್ತಾಯಿತು.

ಆ ಅಲಗು ಹೊಳೆಯುವ ಜಾತಿಯದಲ್ಲ. ಕಬ್ಬಿಣಕ್ಕೆ ಸ್ವಲ್ಪ ಇಂಗಾಲವನ್ನು ಕೂಡಿಸಿದ ಹಳೆಯ ಬಗೆಯ ಉಕ್ಕಿನದು. ಉಕ್ಕಿನ ಮಾತು ಬಂದಾಗ ಕನ್ನಡನಾಡಿಗೆ ಹೆಮ್ಮೆಯ ಕಾರಣವೊಂದುಂಟು. ದಕ್ಷಿಣ ಹಿಂದುಸ್ಥಾನದಲ್ಲಿ ಮಣ್ಣಿನ ಮೂಸೆಗಳಲ್ಲಿ ಕಾಯಿಸಿ ತೆಗೆಯುತ್ತಿದ್ದ ಉಕ್ಕನ್ನು ಇಂಗ್ಲಿಷರು ‘ವೂಟ್ಸ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಶಬ್ದದ ಅಪಭ್ರಂಶವೆಂದು ಅನೇಕ ವಿದ್ವಾಂಸರ ಮತ. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ಎಂಬವನು ಅದರ ವಿಷಯವಾಗಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧವನ್ನು ಮಂಡಿಸಿದನು. ೧೮೦೦–೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ಉಕ್ಕಿನ ಕುಲುಮೆಗಳನ್ನು ಕಂಡು ವಿವರಿಸಿದನು. ೧೮೨೦ರ ಸುಮಾರಿನಲ್ಲಿ ಮೈಕೇಲ್ ಫ್ಯಾರಡೇ ಮಹಾಶಯನು ಈ ಉಕ್ಕಿನ ರಹಸ್ಯವನ್ನು ತಿಳಿಯಲು ಪ್ರಯೋಗಗಳನ್ನು ನಡೆಸಿದಾಗ ಅವನಿಗೆ ಜೊತೆಗಾರನಾಗಿದ್ದ ಜೇಮ್ಸ್ ಸ್ಟೊಡಾರ್ಟನು ವೃತ್ತಿಯಿಂದ ಚಾಕುಗಳನ್ನು ಮಾಡುವವನೇ. ಜಾತ್ರೆಯ ಚಾಕುವು ಆ ಪ್ರಸಿದ್ಧ ವಂಶಕ್ಕೆ ಸೇರಿದುದೆಂದು ಹೇಳುವಂತಿಲ್ಲ. ಆದರೆ ಇಂಗಾಲದ ಉಕ್ಕಿನ ಗುಣದೋಷಗಳು ಅದರಲ್ಲಿಯೂ ಇವೆ. ಹರಿತವನ್ನು ಬೇಗ ಪಡೆಯುವುದು. ಒದ್ದೆಯಲ್ಲಿ ಬಿಟ್ಟರೆ ಬೇಗ ತುಕ್ಕು ಹಿಡಿಯುವುದು. ಮಾವಿನಕಾಯಿಯ ಹುಳಿ, ಹಸಿ ಅಡಕೆಯ ಒಗರು, ಬಾಳೆಯ ಸೊನೆ ಇವು ತಗಲಿ ತಗಲಿ ಅಲಗು ಮಳೆಗಾಲದ ಮೋಡದ ಬಣ್ಣಕ್ಕೆ ತಿರುಗಿದೆ. ಮಲೆನಾಡಿನ ಮಳೆಯಲ್ಲಿ ಅಂತಹ ಉಕ್ಕನ್ನು ಐವತ್ತು ವರ್ಷ ತುಕ್ಕಿಲ್ಲದೆ ಇರಿಸಿಕೊಳ್ಳಬೇಕಾದರೆ ಐವತ್ತು ವರ್ಷದ ಪ್ರತಿ ಸಂಜೆಯೂ ಒಂದು ತೊಟ್ಟು ತೆಂಗಿನೆಣ್ಣೆಯೂ ಒಂದು ಒಣ ಬಟ್ಟೆಯೂ ಬೇಕು. ಅದನ್ನು ಅವರು ಸಂಧ್ಯಾವಂದನೆಯಂತೆಯೇ ನಡೆಸಿಕೊಂಡು ಬಂದಿದ್ದಾರೆ. ವರ್ಷದಲ್ಲಿ ಒಂದು ದಿನ ಮಾತ್ರ ಚಾಕುವಿಗೆ ಬಿಡುವು. ಮಹಾನವಮಿಯಂದು ಅದು ಕತ್ತಿ, ಗುದ್ದಲಿ, ಮೆಟ್ಟುಗತ್ತಿಗಳ ಸಾಲಿನಲ್ಲಿ ಗಂಧಪುಷ್ಪಗಳನ್ನು ಧರಿಸಿ ಕುಳಿತುಕೊಳ್ಳುವುದು. ಆ ದಿನ ಅವರ ಬನಿಯನ್ನಿನ ಬಲಭಾಗವು ಹಗುರಾಗಿ ಮೇಲಕ್ಕೆದ್ದಂತೆ ಕಾಣುವುದೆಂದು ಮನೆಯ ಮಕ್ಕಳು ನಗುವರು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗನು ಒಂದು ದೀಪಾವಳಿಗೆ ಸ್ವಿಟ್ಜರ್ಲೆಂಡಿನ ಕೆಂಪು ಹಿಡಿಯ ಚಾಕುವನ್ನು ತಂದುಕೊಟ್ಟನು. ಅದರ ಚರಿತ್ರೆಯೂ ಕೇಳತಕ್ಕದ್ದು. ಕಾರ್ಲ್ ಎಲ್ಸೆನರ್ ಎಂಬವನು ೧೮೮೪ರಲ್ಲಿ ಶ್ವೀಟ್ಸ್ ಪ್ರಾಂತದ ಈಬಾಖ್ ಎಂಬ ಊರಿನಲ್ಲಿ ಕಾರ್ಯಾಗಾರವನ್ನು ತೆರೆದು, ೧೮೯೧ರಲ್ಲಿ ತನ್ನ ದೇಶದ ಸೈನ್ಯಕ್ಕೆ ಚಾಕುಗಳನ್ನು ಒದಗಿಸಿದನು. ಅಲಗಿನೊಡನೆ ಡಬ್ಬಿಯನ್ನು ತೆರೆಯುವ ಕೊಂಡಿ, ತಿರುಪುಮೊಳೆಯನ್ನು ತಿರುಗಿಸುವ ಉಪಕರಣ ಮುಂತಾದವು ಅದರಲ್ಲಿದ್ದವು. ೧೮೯೭ರಲ್ಲಿ ಇನ್ನೂ ಹಗುರವಾದ, ಇನ್ನೂ ಹೆಚ್ಚು ಉಪಕರಣಗಳುಳ್ಳ ಚಾಕುವಿಗೆ ಅವನು ಹಕ್ಕುಪತ್ರವನ್ನು ಪಡೆದನು. ೧೯೦೯ರಲ್ಲಿ ತಾಯಿ ವಿಕ್ಟೋರಿಯಾ ತೀರಿಕೊಂಡಾಗ ಅವಳ ಹೆಸರನ್ನೇ ತನ್ನ ಸರಕಿಗೆ ಇಟ್ಟನು. ತುಕ್ಕು ಹಿಡಿಯದ ಉಕ್ಕು ಬಳಕೆಗೆ ಬಂದ ಮೇಲೆ, ೧೯೨೧ರಲ್ಲಿ, ಆ ಉಕ್ಕಿನ ಫ್ರೆಂಚ್ ಹೆಸರಿನ ತುಣುಕು ಸೇರಿ ‘ವಿಕ್ಟೋರಿನಾಕ್ಸ್’ ಎಂಬ ಹೆಸರಾಯಿತು. ಚಾಕುವಿಗೆ ಮಾತೃನಾಮವನ್ನಿಟ್ಟ ಈ ಸಂಗತಿಯನ್ನು ಮೊಮ್ಮಗನು ಹೇಳಿದಾಗ ಯಜಮಾನರು ಬಹಳ ಸಂತೋಷಪಟ್ಟರು. ಕೆಂಪು ಚಾಕುವಿನ ಒಂದೊಂದು ಉಪಕರಣವನ್ನೂ ತೆರೆದು ನೋಡಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟರು. “ಒಳ್ಳೆಯ ವಸ್ತು ಮಾರಾಯ. ಇದರಲ್ಲಿ ಯಾವುದನ್ನು ಎಳೆಯಬೇಕೆಂದು ನೋಡುವಷ್ಟರಲ್ಲಿ ನನ್ನ ಕೆಲಸ ಮುಗಿದಿರುತ್ತದೆ” ಎಂದರು.

ಅದೇ ಮೊಮ್ಮಗನು ಮುಂದೆ ಅಜ್ಜನನ್ನು ಕಾಶಿಗೆ ಕಳುಹಿಸಲು ವಿಮಾನದ ಟಿಕೇಟು ಮಾಡಿಸಿದನು. ವಿಮಾನನಿಲ್ದಾಣದ ತಪಾಸಣೆಯಲ್ಲಿ ಜೇಬಿನ ಚಾಕು ಸಿಕ್ಕಿತು. ಭಾರತದ ಕಾನೂನು ಸಣ್ಣ ಚಾಕುವಿನ ಮೇಲೆ ಮುನಿದಿಲ್ಲ. ೧೯೫೯ರ ಶಸ್ತ್ರಾಸ್ತ್ರ ಅಧಿನಿಯಮದ ಕೆಳಗೆ ೨೦೧೬ರಲ್ಲಿ ಮಾಡಿದ ನಿಯಮಗಳು ಒಂಬತ್ತು ಅಂಗುಲಕ್ಕಿಂತ ಉದ್ದವಾದ ಅಥವಾ ಎರಡು ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಶಸ್ತ್ರಗಳ ವರ್ಗಕ್ಕೆ ಸೇರಿಸಿ, ಅವುಗಳಲ್ಲಿಯೂ ಗೃಹಕೃತ್ಯಕ್ಕೂ ಒಕ್ಕಲುತನಕ್ಕೂ ಮಾಡಿದವುಗಳನ್ನು ಬಿಟ್ಟಿವೆ. ಆದರೆ ವಿಮಾನದ ಒಳಗೆ ಚಾಕುವನ್ನು ಒಯ್ಯುವಂತಿಲ್ಲ. ೨೦೦೧ರ ಸೆಪ್ಟೆಂಬರಿನಲ್ಲಿ ಅಮೆರಿಕೆಯಲ್ಲಿ ನಡೆದ ಘೋರಕೃತ್ಯದ ತರುವಾಯ ಲೋಕದ ವಿಮಾನನಿಲ್ದಾಣಗಳೆಲ್ಲ ಈ ವಿಷಯದಲ್ಲಿ ಬಿಗಿಯಾದವು. ಸ್ವಿಸ್ ಚಾಕುಗಳ ಮಾರಾಟವೂ ಆಗ ಬಹಳ ಇಳಿಯಿತು. ೨೦೧೩ರ ಮಾರ್ಚಿಯಲ್ಲಿ ಅಮೆರಿಕೆಯ ಅಧಿಕಾರಿಗಳು ತೀರ ಸಣ್ಣ ಚಾಕುಗಳಿಗೆ ಅನುಮತಿ ಕೊಡುವೆವೆಂದು ಸಾರಿ, ವಿರೋಧ ಬಂದುದರಿಂದ ಜೂನಿನಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಇವೆಲ್ಲವೂ ನ್ಯಾಯವೇ. ಕೈಯನ್ನು ಪರೀಕ್ಷಿಸಲಾಗದ ಸ್ಥಳದಲ್ಲಿ ಅಲಗನ್ನೇ ತಡೆಯಬೇಕಾಗುವುದು. ತಪಾಸಣೆಯ ತರುಣನು ಸಭ್ಯನಾಗಿ, “ಅಜ್ಜಾ, ಇದನ್ನು ಒಳಗೆ ಬಿಡುವ ಹಾಗಿಲ್ಲ” ಎಂದನು. ಯಜಮಾನರು ವಾದಿಸಲಿಲ್ಲ. ಬಾಗಿಲವರೆಗೆ ಹಿಂದಿರುಗಿ, ಹೊರಗಿದ್ದ ಮೊಮ್ಮಗನನ್ನು ಕರೆಸಿ, ಮುಚ್ಚಿದ ಚಾಕುವನ್ನು ಅವನ ಕೈಯಲ್ಲಿಟ್ಟು ಹೋದರು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಹಣ್ಣನ್ನೋ ಕಾಯಿಯನ್ನೋ ಬಿಟ್ಟು ಬರುವುದು ರೂಢಿಯಷ್ಟೆ. ಹತ್ತು ದಿನ ಗಂಗೆಯ ತೀರದಲ್ಲಿ ಅವರ ಬಲಗೈ ಬರಿದಾದ ಜೇಬನ್ನು ಮುಟ್ಟಿ ಮುಟ್ಟಿ ಹಿಂದಿರುಗುತ್ತಿದ್ದುದನ್ನು ಕಂಡ ಸಹಯಾತ್ರಿಕರು, ಇವರು ಕಾಶಿಗೆ ಬರುವುದಕ್ಕೆ ಮೊದಲೇ ಬಿಟ್ಟು ಬಂದರೆಂದು ಹಾಸ್ಯ ಮಾಡಿದರು.

ಹೀಗೆ ಐವತ್ತು ವರ್ಷ ಸಂದ ಆ ಚಾಕುವು ಈಗ ಹೇಗಿದೆ? ಕೊಂಡಾಗ ಹೆಬ್ಬೆರಳಿನಷ್ಟು ಅಗಲವಾಗಿದ್ದ ಅಲಗು ಸಾಣೆಯ ಕಲ್ಲಿನ ಮೇಲೆ ಸವೆದು ಸವೆದು ಕಿರುಬೆರಳಿನ ಅರ್ಧಕ್ಕೆ ಇಳಿದಿದೆ. ಹಿಡಿಯ ಒಂದು ಪಕ್ಕದ ಕೊಂಬು ಬಿರುಕುಬಿಟ್ಟುದರಿಂದ ಊರಿನ ಬಡಗಿಯು ಬೀಟೆಯ ಚಕ್ಕೆಯನ್ನು ಕೂರಿಸಿದನು. ಒಂದು ಆಣಿಯೂ ಬದಲಾಗಿದೆ. ಫ್ರೆಂಚರಲ್ಲಿ ಜಾನೋ ಎಂಬವನ ಚಾಕುವಿನ ಹಾಸ್ಯವೊಂದುಂಟು: ಅವನು ಅಲಗನ್ನೂ ಬದಲಾಯಿಸಿದನು, ಹಿಡಿಯನ್ನೂ ಬದಲಾಯಿಸಿದನು, ಆದರೂ ಅದು ತನ್ನ ಹಳೆಯ ಚಾಕುವೇ ಎನ್ನುತ್ತಿದ್ದನು. ಈ ಹಾಸ್ಯವನ್ನು ತರ್ಕಶಾಸ್ತ್ರಜ್ಞರು ನಗದೆ ವಿಚಾರಿಸಿದ್ದಾರೆ. ವಸ್ತ್ರದಿಂದ ಕೆಲವು ಎಳೆಗಳನ್ನು ತೆಗೆದರೆ ಮೊದಲಿನ ಮಹಾಪಟವು ನಾಶವಾಗಿ ಖಂಡಪಟವೆಂಬ ಬೇರೊಂದು ವಸ್ತುವು ಹುಟ್ಟುವುದೆಂದು ನೈಯಾಯಿಕರ ಸಿದ್ಧಾಂತ. ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯು ಅಲ್ಲಿ ಸಾಜಾತ್ಯದಿಂದ ಬಂದುದು. ನಿನ್ನೆ ಕುಡಿದ ಔಷಧವನ್ನೇ ಇಂದೂ ಕುಡಿದೆನೆಂದು ರೋಗಿಯು ಹೇಳುವಂತೆ. ಬೌದ್ಧರಾದರೋ ಇನ್ನೂ ಮುಂದಕ್ಕೆ ಹೋಗಿ, ದೀಪದ ಜ್ವಾಲೆಯಂತೆ ಸರ್ವವಸ್ತುಗಳೂ ಕ್ಷಣಕ್ಷಣಕ್ಕೆ ಬೇರೆಯೇ ಎನ್ನುವರು. ಈ ಮತಗಳ ಪ್ರಕಾರ ಯಜಮಾನರು ಐವತ್ತು ವರ್ಷ ಒಂದು ಚಾಕುವನ್ನು ಇಟ್ಟುಕೊಂಡವರಲ್ಲ. ಸಾಣೆ ಹಿಡಿದಷ್ಟು ಸಲ ಬೇರೆ ಬೇರೆ ಚಾಕುಗಳನ್ನು ಹೊತ್ತವರು. ಆದರೆ ಶಾಸ್ತ್ರವು ಚಾಕುವನ್ನು ಮಾತ್ರ ನೋಡಿತು, ಜೇಬನ್ನು ನೋಡಲಿಲ್ಲ. ಅಲಗು ಇಳಿದಂತೆ ಹಿಡಿದ ಬೆರಳಿನ ಗಂಟೂ ಬೆಳೆಯಿತು. ಕೈಯ ಪಟ್ಟು ಅಲಗಿಗೆ ತಕ್ಕಂತೆ ಸರಿಯಿತು. ಏಕತ್ವವೆಂಬುದು ವಸ್ತುವಿನಲ್ಲಿ ಎಷ್ಟಿದೆಯೋ ಅಷ್ಟೇ ಅದರ ಬಳಕೆಯಲ್ಲಿಯೂ ಇರಬಹುದೆಂದು ಒಪ್ಪುವುದಾದರೆ, ಅದು ಅದೇ ಚಾಕು.

ಪೂರ್ವಪಕ್ಷ ಸಿದ್ಧಾಂತಗಳಿಗೆ ನಿಲುಕದ ಕಷ್ಟವೊಂದು ಎರಡು ವರ್ಷಗಳ ಹಿಂದೆ ಎದುರಾಯಿತು. ಯಜಮಾನರ ಕೈಗಳು ನಡುಗತೊಡಗಿದವು. ಒಂದು ದಿನ ನಿಂಬೆಹಣ್ಣನ್ನು ಕೊಯ್ಯುವಾಗ ಅಲಗು ಜಾರಿ ಎಡಗೈಯ ಹೆಬ್ಬೆರಳಿಗೆ ಆಳವಾದ ಗಾಯವಾಯಿತು. ನಾಲ್ಕು ಹೊಲಿಗೆಗಳನ್ನು ಹಾಕಬೇಕಾಯಿತು. ಮನೆಯವರು ಹೆದರಿದರು. ಹೆದರಿದ್ದು ತಪ್ಪಲ್ಲ. ಸೊಸೆಯು ಚಾಕುವನ್ನು ತೆಗೆದಿರಿಸಿ, “ಮಾವಯ್ಯ, ಗಾಯ ಮಾಯುವ ತನಕ ನನ್ನ ಹತ್ತಿರ ಇರಲಿ. ಏನು ಕೊಯ್ಯಬೇಕಾದರೂ ನನ್ನನ್ನು ಕರೆಯಿರಿ” ಎಂದಳು. ಮಾತಿನಲ್ಲಿ ಪ್ರೀತಿಯಿದ್ದಿತು, ಆದುದರಿಂದಲೇ ಅದಕ್ಕೆ ಉತ್ತರವಿರಲಿಲ್ಲ. ಗಾಯವು ಮಾಯಿತು. ಚಾಕುವು ಹಿಂದಿರುಗಲಿಲ್ಲ, ಅವರೂ ಕೇಳಲಿಲ್ಲ. ಏನನ್ನಾದರೂ ಕೊಯ್ಯುವುದಕ್ಕೆ ಸೊಸೆಯನ್ನು ಒಮ್ಮೆಯೂ ಕರೆಯಲಿಲ್ಲ. ತೋಟಕ್ಕೆ ಇಳಿಯುವುದು ಮೊದಲು ದಿನಕ್ಕೆ ಎರಡು ಸಲವಿದ್ದದ್ದು ಒಂದಾಯಿತು. ಮುಂದೆ ಅದೂ ನಿಂತಿತು. ತೋಟದಲ್ಲಿ ಯಾರೋ ಕೂಗುವರು, ಕೊಡುವುದಕ್ಕೆ ಏನೂ ಇಲ್ಲ, ಹೋಗಿ ಮಾಡುವುದೇನು? ಜಗಲಿಯ ಮೇಲೆ ಕುಳಿತು ದಿನಪತ್ರಿಕೆಯನ್ನು ಎರಡು ಸಲ ಓದುವರು. ಊಟವು ಕಡಿಮೆಯಾಯಿತು. ವೈದ್ಯರು ಪರೀಕ್ಷಿಸಿ ರೋಗವಿಲ್ಲವೆಂದರು.

ಕಾರಣವನ್ನು ಕಂಡುಹಿಡಿದವಳು ಸೊಸೆಯೇ. ಚಾಕುವನ್ನು ಹಿಂದಕ್ಕೆ ಕೊಡಬೇಕೆಂದು ಅವಳಿಗೆ ತೋರಿತು. ಕೊಟ್ಟರೆ ಮತ್ತೆ ಕೈ ಕೊಯ್ದುಕೊಳ್ಳುವರೆಂಬ ಭಯವೂ ಇದ್ದಿತು. ಅವಳ ಗಂಡನು ಒಂದು ಉಪಾಯವನ್ನು ಹುಡುಕಿದನು: ಅಲಗಿನ ಅಂಚನ್ನು ಅರದಿಂದ ಉಜ್ಜಿ ಮೊಂಡು ಮಾಡಿ ಕೊಡುವುದು. ಹಾಗೆಯೇ ಕೊಟ್ಟರು. ಯಜಮಾನರು ಮರುಮಾತಿಲ್ಲದೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಅಂದು ಮಧ್ಯಾಹ್ನವೇ ತೋಟಕ್ಕೆ ಇಳಿದರು. ಬಾಳೆಯ ನಾರಿಗೆ ಅಲಗನ್ನು ತಾಗಿಸಿದೊಡನೆ ಅವರಿಗೆ ಎಲ್ಲವೂ ತಿಳಿಯಿತು. ಮೊಂಡು ಚಾಕುವೇ ಹರಿತವಾದ ಚಾಕುವಿಗಿಂತ ಅಪಾಯಕರವೆಂಬುದು ಅಲಗನ್ನು ಬಳಸುವವರೆಲ್ಲ ಬಲ್ಲ ಸಂಗತಿ. ಹರಿತವಾದುದು ತನ್ನ ಭಾರಕ್ಕೇ ಕೊಯ್ಯುವುದು. ಮೊಂಡಾದುದಕ್ಕೆ ಕೈಯ ಬಲವನ್ನು ಕೂಡಿಸಬೇಕು. ಬಲವನ್ನು ಕೂಡಿಸಿದಾಗಲೇ ಅಲಗು ಜಾರುವುದು. ಅವರು ಇದನ್ನು ಯಾರಿಗೂ ಬೋಧಿಸಲಿಲ್ಲ. ಮನೆಗೆ ಬಂದು, ಬಚ್ಚಲಿನ ಪಕ್ಕದಲ್ಲಿದ್ದ ಸಾಣೆಯ ಕಲ್ಲನ್ನು ಅಂಗಳಕ್ಕೆ ತಂದು, ನೀರು ಚಿಮುಕಿಸಿ ಕುಳಿತರು.

ಸಾಣೆ ಹಿಡಿಯುವುದು ಆತುರದ ಕೆಲಸವಲ್ಲ. ಅಲಗಿನ ಬೆನ್ನನ್ನು ಕಲ್ಲಿನಿಂದ ಸ್ವಲ್ಪವೇ ಎತ್ತಿ, ಆ ಕೋನವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಮನಾಗಿ ಕಾಯಬೇಕು. ಒಂದು ಪಕ್ಕವನ್ನು ಸಾಕಷ್ಟು ಉಜ್ಜಿದಾಗ ಎದುರು ಪಕ್ಕದಲ್ಲಿ ಕೂದಲಿನಷ್ಟು ತೆಳುವಾದ ಉಕ್ಕಿನ ಸುರುಳಿಯು ಬೆರಳಿಗೆ ತಗಲುವುದು; ಆಗ ಮಗುಚಬೇಕು. ಆ ಸುರುಳಿಯು ಎರಡು ಕಡೆಯೂ ಅಳಿದಾಗ ಅಂಚು ಹುಟ್ಟುವುದು. ನಡುಗುವ ಕೈಗಳಿಂದ ಕೋನವನ್ನು ಕಾಯುವುದು ಹೇಗೆ? ಯಜಮಾನರು ಮೊಣಕೈಗಳನ್ನು ಮೊಣಕಾಲುಗಳಿಗೆ ಊರಿ, ಮಣಿಕಟ್ಟುಗಳನ್ನು ಕಲ್ಲಿನ ಎರಡು ಅಂಚುಗಳಿಗೆ ಒರಗಿಸಿ, ಕೈಯನ್ನಲ್ಲ, ಇಡೀ ಮೈಯನ್ನು ಹಿಂದಕ್ಕೂ ಮುಂದಕ್ಕೂ ತೂಗಿದರು. ಹೊತ್ತು ಮುಳುಗುವವರೆಗೆ ಆ ಸದ್ದು ಅಂಗಳದಲ್ಲಿ ಕೇಳುತ್ತಿದ್ದಿತು. ಮಗನು ಜಗಲಿಯ ಕಂಬಕ್ಕೆ ಒರಗಿ ನೋಡುತ್ತಿದ್ದನು. ಸೊಸೆಯು ಬಾಗಿಲಿನಲ್ಲಿ ನಿಂತಿದ್ದಳು. ತಡೆಯಬೇಕೆಂದು ಇಬ್ಬರಿಗೂ ಅನಿಸಿರಬಹುದು, ಒಬ್ಬರೂ ತಡೆಯಲಿಲ್ಲ. ಕೊನೆಗೆ ಅವರು ಅಲಗನ್ನು ಒರೆಸಿ, ಅಂಗಳದ ತುಳಸಿಯ ಒಣಕಡ್ಡಿಯೊಂದನ್ನು ತೆಗೆದು ಕೊಯ್ದು ನೋಡಿ, ಮುಚ್ಚಿ, ಸೊಸೆಯ ಕಡೆಗೆ ಚಾಚಿದರು. “ಇನ್ನು ಹೆದರಿಕೆಯಿಲ್ಲ ತಂಗಿ. ಬೇಕಾದರೆ ನೀನೇ ಇಟ್ಟುಕೋ” ಎಂದರು. ಅವಳು ಅದನ್ನು ತೆಗೆದುಕೊಂಡು, ತೆರೆದು, ಅಲಗಿಗೆ ಎಣ್ಣೆಯನ್ನು ಸವರಿ, ಮುಚ್ಚಿ, ಅವರ 손ಗೇ ಹಿಂದಿರುಗಿಸಿದಳು.

ಅಂದಿನಿಂದ ಆ ಮನೆಯಲ್ಲಿ ಒಂದು ಒಪ್ಪಂದವು ಮಾತಿಲ್ಲದೆ ನಡೆದುಬಂದಿದೆ. ನಿಂಬೆಹಣ್ಣಿನಂತಹ ಜಾರುವ ವಸ್ತುಗಳನ್ನು ಯಜಮಾನರು ಕೊಯ್ಯುವುದಿಲ್ಲ. ನಾರು, ದಾರ, ಲಕೋಟೆಗಳನ್ನು ಬೇರೆಯವರು ಕೊಯ್ಯುವುದಿಲ್ಲ. ಕಸಿ ಕಟ್ಟುವ ಕೆಲಸವನ್ನು ಸೊಸೆಯು ಕಲಿತಳು. ಆ ಹೊತ್ತಿಗೆ ಚಾಕುವನ್ನು ಕೇಳಿ ಪಡೆಯುವಳು, ಒರೆಸಿ ಮುಚ್ಚಿ ಹಿಂದಿರುಗಿಸುವಳು.

ಪೆಟ್ಟಿಗೆಯಲ್ಲಿ ಭದ್ರವಾಗಿಟ್ಟ ವಸ್ತುಗಳು ಸವೆಯುವುದಿಲ್ಲ; ಅವುಗಳ ಅಂದವು ಉಳಿಯುವುದು, ಉಪಯೋಗವು ಉಳಿಯಲಾರದು. ಚಾಕುವಿನ ಧರ್ಮವು ಇದಕ್ಕೆ ವಿಪರೀತ. ಅದರ ಹರಿತವನ್ನು ಕಾಪಾಡಬೇಕಾದರೆ ಅದರ ಉಕ್ಕನ್ನು ಸ್ವಲ್ಪ ಸ್ವಲ್ಪವಾಗಿ ಕಲ್ಲಿಗೆ ಒಪ್ಪಿಸಲೇಬೇಕು, ಬೇರೆ ದಾರಿಯಿಲ್ಲ. ವೃದ್ಧರನ್ನು ಸವೆಯದಂತೆ ಕಾಪಾಡಬೇಕೆಂದು ಅವರ ಕೈಯಿಂದ ಒಂದೊಂದಾಗಿ ಕೆಲಸಗಳನ್ನು ತೆಗೆಯುವ ಮಕ್ಕಳು ಪ್ರೀತಿಯಿಂದಲೇ ಹಾಗೆ ಮಾಡುವರು. ಆದರೆ ಮೊಂಡಾಗಿಸಿ ಉಳಿಸುವುದು ಉಳಿಸುವುದಲ್ಲ. ಆ ಅಲಗಿನಲ್ಲಿ ಇನ್ನು ಕೆಲವು ವರ್ಷಗಳಿಗೆ ಸಾಲುವಷ್ಟು ಉಕ್ಕಿದೆ. ಅಷ್ಟು ಸಾಕೆಂದು ಯಜಮಾನರ ಲೆಕ್ಕ.